ಸೋಮವಾರ ಹೂಡದ ಜೀಪು

ಮೊನ್ನೆ ಇಳಕಲ್ ಬಸ್ ನಿಲ್ದಾಣದ ಹಿಂದೆ ಯಾರೋ ಹಳೆಯ ತಾಡಪತ್ರಿಯನ್ನು ಬಿಸಿಲಿಗೆ ಹರವಿದ್ದರು. ಕಾದ ತಾಡಪತ್ರಿಯ ವಾಸನೆಗೆ ಪಕ್ಕದ ಗ್ಯಾರೇಜಿನ ಪೆಟ್ರೋಲಿನ ಘಾಟು ಸೇರಿತ್ತು. ಕಾಲು ಮುಂದಕ್ಕೆ ಏಳಲಿಲ್ಲ. ನನಗೆ ಹದಿನೇಳಾಗಿದ್ದಾಗ ಪಕ್ಕದ ಮನೆಯಲ್ಲಿದ್ದ ಕಾಕಾ ಎದುರಿಗೆ ಬಂದು ನಿಂತ ಹಾಗಾಯಿತು...

ಕಾಕಾನ ಬಳಿ ಮಿಲಿಟರಿ ಹರಾಜಿನಲ್ಲಿ ಕೊಂಡ ಜೀಪೊಂದಿತ್ತು. ಸ್ಟೇರಿಂಗು ಎಡಕ್ಕೆ, ಮೇಲೆ ತಾಡಪತ್ರಿಯ ಹೊದಿಕೆ, ಬಾಗಿಲೇ ಇಲ್ಲ. ಕಲ್ಲಿನ ಕ್ವಾರಿಗಳಲ್ಲಿ ದುಡಿದು ದುಡಿದು ಒಂದು ದಿನ ಕೆಟ್ಟು ನಿಂತದ್ದು, ಮೂರು ವರ್ಷ ಬೇವಿನ ಮರದಡಿ ಇಟ್ಟಂಗಿಗಳ ಮೇಲೆ ಕೂತಿತ್ತು. ಸೀಟಿನಲ್ಲಿ ಬೆಕ್ಕು ಮರಿ ಹಾಕಿತ್ತು. ಆದರೂ ಅದನ್ನು ಗುಜರಿ ಎಂದರೆ ಕಾಕಾ ಕೆಂಡವಾಗುತ್ತಿದ್ದರು. ಹೊಲವಿಲ್ಲದ, ಎತ್ತು ಕಟ್ಟದ ಮನುಷ್ಯ. ಜೀಪಿಗೇ ಬಸವಣ್ಣ ಎಂದು ಹೆಸರಿಟ್ಟಿದ್ದರು.

ಆ ಬೇಸಿಗೆ ಅದನ್ನು ಮತ್ತೆ ಎಬ್ಬಿಸಲು ಕಾರಣ ನನ್ನ ಅಕ್ಕ. ಅವಳನ್ನು ರಾಮಥಾಳದ ಕಡೆಯ ಹಳ್ಳಿಯೊಂದಕ್ಕೆ ಕೊಟ್ಟಿದ್ದೆವು. ಚೊಚ್ಚಲ ಬಸಿರು, ಕಾಲು ಬಾತಿದ್ದವು. ಮಳೆಗೆ ಮೊದಲೇ ಇಳಕಲ್ಲಿಗೆ ಕರೆತನ್ನಿ, ಚಕ್ಕಡಿಯಲ್ಲಿ ಮಾತ್ರ ಬೇಡ ಎಂದು ಡಾಕ್ಟರು ಹೇಳಿದ್ದರು. ಆ ಹಾದಿಗೆ ಬಸ್ಸು ಇರಲಿಲ್ಲ.

"ಬಸವಣ್ಣನ್ನ ಎಬ್ಬಸ್ತೇನಿ ತಡೀರಿ ವೈನಿ. ನಮ್ಮ ಮಗಳನ್ನ ನಾನ ತರ್ತೇನಿ," ಎಂದು ಕಾಕಾ ಅವ್ವನಿಗೆ ಮಾತು ಕೊಟ್ಟರು.

ಸೊಲ್ಲಾಪುರದಿಂದ ಸಾಮಾನು ಬರಲು ತಿಂಗಳು ಹಿಡಿಯಿತು. ನೀರಿಗೆ ಹೋಗುವವರೆಲ್ಲ, "ಎದ್ದಿತೇನ್ರಿ ಬಸವಣ್ಣ?" ಎಂದು ಕೇಳುವುದು, ಜೀಪಿನಡಿಯಿಂದ ಕಾಕಾ, "ಕಿವಿ ಅಳ್ಳಾಡಸಾಕತ್ತೈತಿ!" ಎನ್ನುವುದು. ಓಣಿಗೆ ಅದೇ ಒಂದು ಹಬ್ಬ. ಅವ್ವ ಮಾತ್ರ ದಿನವೂ ಮುಗಿಲು ನೋಡುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಅದು ಕೆಮ್ಮಿ, ಹೊಗೆ ಉಗುಳಿ, ಮೈ ನಡುಗಿಸಿ ಎದ್ದೇಬಿಟ್ಟಿತು. ಓಣಿಯೆಲ್ಲ ಓಡಿ ಬಂತು. ಅವ್ವನ ಕಣ್ಣಲ್ಲಿ ನೀರು.

"ನಾಳಿ ನಸುಕಿನ್ಯಾಗ ಹೋಗೂಣೇನ್ರಿ?" ಎಂದಳು.

ಕಾಕಾ ತಲೆ ಕೆರೆದುಕೊಂಡರು. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. "ನಾಳಿ ಸೋಮವಾರ ಅಲ್ಲೇನ್ರಿ ವೈನಿ. ಬಸವಣ್ಣಗ ನೊಗಾ ಇಡಬಾರದು. ಮಂಗಳವಾರ ಹೊಂಡೂಣು."

"ಅದೇನು ಖರೇನ ಎತ್ತೇನ್ರಿ?" ಅವ್ವ ನಕ್ಕಳು. ಆದರೆ ಮುಖದಲ್ಲಿ ನಗು ನಿಲ್ಲಲಿಲ್ಲ.

"ಇರ್ಲಿ ಬಿಡವ್ವಾ, ಒಂದ ದಿನಕ್ಕ ಏನಾಗತೈತಿ? ನಾಳಿ ತೊಳದು ಪೂಜಾ ಮಾಡೂಣು," ಎಂದವಳು ನಾನು. ಸಿಂಗರಿಸಿದ ಜೀಪಿನಲ್ಲಿ ಮೆರೆಯುವ ಆಸೆ. ಅವ್ವ ಮುಗಿಲ ಕಡೆ ಒಮ್ಮೆ ನೋಡಿ ಒಳಗೆ ಹೋದಳು.

ಸೋಮವಾರ ಜೀಪಿಗೆ ವಿಭೂತಿ ಬಳಿದೆವು, ದೀಪಗಳಿಗೆ ಚೆಂಡುಹೂವು ಸುತ್ತಿದೆವು. ಕಾಕಾ ಅದರ ಮೂತಿಗೆ ಹೋಳಿಗೆ ಹಿಡಿದಾಗ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಇಳಿಹೊತ್ತಿಗೆ ಮಳೆ ಹಿಡಿಯಿತು.

ಮಂಗಳವಾರ ಹುನಗುಂದ ದಾಟಿ ಎರೆಮಣ್ಣಿನ ಹಾದಿಗೆ ಇಳಿದದ್ದೇ ತಡ, ಗಾಲಿಗಳು ಅಚ್ಚಿನವರೆಗೂ ಹೂತುಹೋದವು. ಕಾಕಾ ಕೆಸರಲ್ಲಿ ಮೊಣಕಾಲೂರಿ ಕೈಯಿಂದ ಮಣ್ಣು ಬಗೆದರು. "ಏಳಪ್ಪಾ, ಒಂದ ಸಲ ಏಳಪ್ಪಾ," ಎಂದು ಜೀಪಿಗೆ ಅಂಗಲಾಚಿದರು. ಏಳಲಿಲ್ಲ. ಉಳಿದ ಹಾದಿಯನ್ನು ಅವ್ವ, ಕಾಕಾ, ನಾನು ನಡೆದೆವು. ಅಕ್ಕನ ಮನೆ ಮುಂದೆ ಜನ ತಲೆ ತಗ್ಗಿಸಿ ಕೂತಿದ್ದರು. ಸೋಮವಾರ ಸಂಜೆಯೇ ಹೆರಿಗೆ ಬ್ಯಾನಿ ಶುರುವಾಗಿತ್ತಂತೆ. ತಾಯಿ, ಕೂಸು... ಇಬ್ಬರೂ ಹೋಗಿದ್ದರು.

ಅವ್ವ ಕಾಕಾನಿಗೆ ಒಂದು ಮಾತೂ ಅನ್ನಲಿಲ್ಲ. ಪಂಚಮಿಗೆ ಅವರ ಮನೆಗೆ ಎಂದಿನಂತೆ ಉಂಡಿ ಕಳಿಸಿದಳು. ಕಾಕಾ ಮಾತ್ರ ಅಂದಿನಿಂದ ಸೋಮವಾರವೇ ಜೀಪು ಹೊರಡಿಸತೊಡಗಿದರು. ಹಾದಿ ಒಣಗಿದ್ದಾಗಲೆಲ್ಲ ಅದನ್ನು ಹೂಡಿ ರಾಮಥಾಳದ ಕಡೆ ಹೋಗುವುದು, ದಿನ ತುಂಬಿದ ಹೆಣ್ಣುಮಕ್ಕಳಿದ್ದರೆ ಇಳಕಲ್ಲಿಗೆ ತಂದು ಬಿಡುವುದು. ಆ ಸದ್ದು ಕೇಳಿದರೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಲ್ಲುತ್ತಿತ್ತು. ಜೀಪು ಓಣಿ ದಾಟಿದ ಮೇಲೆಯೇ ಮತ್ತೆ ತಟ್ಟುತ್ತಿದ್ದಳು.

ಒಮ್ಮೆ ಹಿತ್ತಲ ಗೋಡೆಯಾಚೆಯಿಂದ ಕಾಕಾ ಕರೆದರು. "ನಿಮ್ಮವ್ವ ಬೈಯಂಗಿಲ್ಲ. ನೀನರ ಒಂದ ಸಲ ಬೈಯವ್ವಾ..."

"ಹಂಗ್ಯಾಕ ಅಂತೀರಿ ಕಾಕಾ," ಎಂದು ಒಳಗೆ ಬಂದುಬಿಟ್ಟೆ.

ಈಗ ಕಾಕಾ ಇಲ್ಲ, ಅವ್ವನೂ ಇಲ್ಲ. ಸೋಮವಾರ ಬೇಡ ಎಂದವರು ಕಾಕಾ ಇರಬಹುದು. ಅವ್ವನ ಬಾಯಿ ಮುಚ್ಚಿಸಿದವಳು ನಾನು. ಅಂದು ಗೋಡೆಯ ಬಳಿ ಅಷ್ಟು ಹೇಳಿದ್ದರೆ ಕಾಕಾ ಅರ್ಧ ಭಾರವನ್ನಾದರೂ ಇಳಿಸಿ ಹೋಗುತ್ತಿದ್ದರು. ಹೆದರಿದೆ. ಅಷ್ಟೂ ವರ್ಷ ಅದನ್ನು ಅವರೊಬ್ಬರೇ ಹೊರಲು ಬಿಟ್ಟೆ.