ತೆಳ್ಳಗಿನ ತಾಯಿಕರಡಿ

ನೈರೋಬಿಯಲ್ಲಿದ್ದಾಗ ನಾನು ಎರಡನೆಯ ಬಾರಿ ಬಸುರಿಯಾದೆ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದೆಂಬುದು ನಮ್ಮ ಮನೆಯ ಪದ್ಧತಿ. ಹಾಗಾಗಿ ಗಂಡನನ್ನು ಬಿಟ್ಟರೆ ಯಾರಿಗೂ, ಮಗಳಿಗೂ ಸಹ, ಗೊತ್ತಿರಲಿಲ್ಲ. ವಾಂತಿಯಿಂದ ನಾನು ತುಂಬಾ ಇಳಿದುಹೋಗಿದ್ದೆ.

ಒಂದು ಸಂಜೆ ಮಗಳು ಶಾಲೆಯ ಪ್ರಾಜೆಕ್ಟಿಗೆ ಕಪ್ಪು ಕರಡಿಯ ಚಿತ್ರ ಅಂಟಿಸುತ್ತಿದ್ದಳು.

"ಅಮ್ಮಾ, ಮದರ್ ಬೇರ್ ಟೂ ಥಿನ್ ಆದ್ರೆ ನೋ ಬೇಬೀಸ್!"

ಅವಳ ಪುಸ್ತಕ ಓದಿದೆ. ಕರಡಿಗಳು ಬೇಸಿಗೆಯಲ್ಲಿ ಕೂಡಿದರೂ ಭ್ರೂಣ ತಿಂಗಳುಗಟ್ಟಲೆ ಗರ್ಭಕೋಶಕ್ಕೆ ಅಂಟದೆ ಕಾಯುತ್ತದಂತೆ. ಚಳಿಗಾಲದೊಳಗೆ ತಾಯಿಯ ಮೈಯಲ್ಲಿ ಸಾಕಷ್ಟು ಕೊಬ್ಬು ಸೇರದಿದ್ದರೆ ಅದು ಬೆಳೆಯುವುದೇ ಇಲ್ಲವಂತೆ.

"ಮನುಷ್ಯರಿಗೆ ಹಾಗಾಗಲ್ಲ ಪುಟ್ಟಿ," ಎಂದೆ.

"ಐ ನೋ. ವೈ ಆರ್ ಯು ಕ್ರೈಯಿಂಗ್?"

ಆಗ ಅತ್ತಿದ್ದೆನೋ ಇಲ್ಲವೋ, ಈಗ ಖಚಿತವಿಲ್ಲ. ಜೀವಶಾಸ್ತ್ರದಲ್ಲಿ ಪದವಿ ಪಡೆದವಳು ನಾನು. ಆದರೂ ಮರುದಿನ ಹರ್ಲಿಂಗ್‌ಹ್ಯಾಮ್ ಬಡಾವಣೆಯ ಕ್ಲಿನಿಕ್ಕಿಗೆ ಹೊರಡುವ ಮೊದಲು ಕಣ್ಣುಮುಚ್ಚಿ ಮೂರು ಚಮಚ ತುಪ್ಪ ನುಂಗಿದೆ; ಬಾಗಿಲಲ್ಲೇ ಕಾರಿಕೊಂಡೆ.

ಸ್ಕ್ಯಾನಿನಲ್ಲಿ ಮಗುವಿನ ಎದೆಬಡಿತ ಕಂಡಿತು. ಡಾಕ್ಟರು ಹೆದರಬೇಡಿ ಎಂದರು. ಹೆದರಿಕೆ ಮಾತ್ರ ಹೋಗಲಿಲ್ಲ. ಒಬ್ಬಳೇ ಹೆದರಿ ಸಾಕಾಗಿ, ಅಂದೇ ರಾತ್ರಿಯೂಟಕ್ಕೆ ಕೂತಾಗ ಪದ್ಧತಿ ಮುರಿದು ಮಗಳಿಗೆ ಹೇಳಿಬಿಟ್ಟೆ. ಅವಳು ನಗಲಿಲ್ಲ. ನನ್ನ ಸೊರಗಿದ ಮುಂಗೈಯನ್ನೇ ನೋಡುತ್ತಾ ತನ್ನ ಚಪಾತಿಯನ್ನು ನನ್ನ ತಟ್ಟೆಗೆ ಹಾಕಿದಳು.

"ಈಟ್, ಅಮ್ಮಾ. ಪ್ಲೀಸ್."