ರೋಗವಿಲ್ಲದವನ ಗುಳಿಗೆ

ಇಂಡಿಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ. ಸುತ್ತಲಿನ ತಾಲ್ಲೂಕುಗಳಲ್ಲಿ ಮದುವೆ, ಕುಬಸ, ತೊಟ್ಟಿಲು ಎಲ್ಲಿದ್ದರೂ ಕ್ಯಾಮೆರಾ ಹೊತ್ತು ಹೋಗುತ್ತೇನೆ. ನಾನು ಮದುವೆಯಾಗಿಲ್ಲ. ನನ್ನ ಒಲವು ಗಂಡಸರ ಕಡೆಗೆ. ಇದು ಹರೆಯದಲ್ಲೇ ತಿಳಿದಿತ್ತು. ನಲವತ್ತು ಹತ್ತಿರವಾಗುವ ಹೊತ್ತಿಗೆ ಅದಕ್ಕಾಗಿ ಸಂಕಟಪಡುವುದೂ ನಿಂತಿತ್ತು. ಉಳಿದಿದ್ದು ಎಚ್‌ಐವಿಯ ಭಯ ಒಂದೇ. ಆಗಾಗ ಸರಕಾರಿ ತಪಾಸಣಾ ಕೇಂದ್ರಕ್ಕೆ ಹೋಗಿ ರಕ್ತ ಕೊಟ್ಟು, ಫಲಿತಾಂಶ ಬರುವವರೆಗೆ ಬಾಯಿ ಒಣಗಿಸಿಕೊಂಡು ಕೂರುತ್ತಿದ್ದೆ.

ಒಂದು ಸಲ ಅಲ್ಲಿನ ಆಪ್ತಸಮಾಲೋಚಕಿ ಬಾಗಿಲು ಮುಂದಕ್ಕೆಳೆದು ಹೇಳಿದರು: "ರೋಗ ಬರೂಕಿಂತ ಮೊದಲ ತಗೊಳ್ಳೂ ಗುಳಿಗಿ ಐತ್ರಿ. ಪ್ರೆಪ್ ಅಂತಾರ. ದಿನಾ ಒಂದು. ನಮ್ಮಲ್ಲಿ ಸಿಗೂದಿಲ್ಲ, ಹೊರಗ ಡಾಕ್ಟರ ಕಡಿಂದ ಬರಸ್ಕೋಬೇಕು."

"ಯಾವ ಡಾಕ್ಟರ್ರಿ?"

"ಅದನ್ನ ನೀವ ಹುಡುಕಬೇಕ್ರಿ."

ಹುಡುಕಿದೆ. ಸಿಂದಗಿಯಲ್ಲಿ ಒಂದು ಮದುವೆ ಒಪ್ಪಿಕೊಂಡಿದ್ದೆ. ಅಕ್ಷತೆಗೆ ಇನ್ನೂ ಹೊತ್ತಿತ್ತು, ಕ್ಯಾಮೆರಾ ಚೀಲದ ಸಮೇತ ಅಲ್ಲಿನ ಒಬ್ಬ ಖಾಸಗಿ ಡಾಕ್ಟರ ಮುಂದೆ ಕೂತೆ. ವಯಸ್ಸಾದವರು, ಕೈಗುಣ ಒಳ್ಳೆಯದೆಂದು ಹೆಸರು ಮಾಡಿದವರು. ಗುಳಿಗೆಯ ಹೆಸರು ಕೇಳಿದ್ದೇ ಕನ್ನಡಕ ತೆಗೆದರು.

"ಮನ್ಯಾಗ ಹೆಂಡ್ತಿಗೆ ಐತೇನು ಜಡ್ಡು?"

"ಮದುವಿ ಆಗಿಲ್ರಿ. ಗಂಡಸರ ಜೋಡಿ ಸಂಬಂಧ ಐತ್ರಿ."

ಅವರು ಬೈಯಲಿಲ್ಲ. ಬೈದಿದ್ದರೆ ಎದ್ದು ಬರುವುದು ಸುಲಭವಾಗುತ್ತಿತ್ತು. ತಂದೆಯ ದನಿಯಲ್ಲಿ, "ಲಗ್ನ ಮಾಡ್ಕೊ. ಎಲ್ಲಾ ತಾನ ಸರಿ ಹೋಗತೈತಿ," ಎಂದು ಶಕ್ತಿಯ ಟಾನಿಕ್ ಬರೆದುಕೊಟ್ಟರು. ನಾನು ಹೋಗಿ, ಬೇರೆಯವರ ಲಗ್ನದ ಫೋಟೊ ತೆಗೆದೆ. ಮದುಮಗ ಸಣ್ಣ ವಯಸ್ಸಿನವನು, ನಗು ಎಂದರೆ ನಗುತ್ತಿರಲಿಲ್ಲ.

ಕೊನೆಗೆ ಗುಳಿಗೆ ಬರೆದುಕೊಟ್ಟವರು ಸೊಲ್ಲಾಪುರದ ಒಬ್ಬ ಡಾಕ್ಟರು. ನನಗಿಂತ ಚಿಕ್ಕವರು. ನನ್ನ ಅರ್ಧಮರ್ಧ ಮರಾಠಿಯಲ್ಲಿ ವಿಷಯ ಹೇಳುವಾಗ ಅವರು ತಲೆಯೆತ್ತಲೂ ಇಲ್ಲ, ಕೆಮ್ಮು-ನೆಗಡಿ ಹೇಳಿದಷ್ಟೇ ಸಹಜವಾಗಿ ಕೇಳಿಸಿಕೊಂಡರು. ಎಚ್‌ಐವಿ, ಕಾಮಾಲೆ, ಕಿಡ್ನಿ ಎಲ್ಲದರ ರಕ್ತಪರೀಕ್ಷೆ ಮಾಡಿಸಿ, "ರೋಜ್ ಏಕ್ ಗೋಳಿ" ಎಂದರು. ಮೂರು ತಿಂಗಳಿಗೊಮ್ಮೆ ಮತ್ತೆ ಪರೀಕ್ಷೆಗೆ ಬರಬೇಕು. ಅಷ್ಟೇ. ಇಷ್ಟು ಸಣ್ಣ ಮಾತಿಗೆ ವರ್ಷವೇ ಹಿಡಿಯಿತಲ್ಲ ಅನ್ನಿಸಿ, ಸಂತೋಷದ ಬದಲು ವಿಪರೀತ ನಿದ್ದೆ ಬಂತು. ಝಳಕಿಯಲ್ಲಿ ಬಸ್ ಬದಲಿಸಬೇಕಾದವನು ವಿಜಯಪುರದಲ್ಲಿ ಕಣ್ಣುಬಿಟ್ಟೆ.

ನನಗೊಬ್ಬ ಗೆಳೆಯನಿದ್ದಾನೆ. ಮನೆ ಮುದ್ದೇಬಿಹಾಳದಲ್ಲಿ, ನೌಕರಿ ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ. ಹೆಂಡತಿ ಇದ್ದಾಳೆ, ಸಾಲಿಗೆ ಹೋಗುವ ಮಗಳಿದ್ದಾಳೆ. ಒಂದು ನಿಶ್ಚಯದ ವಿಡಿಯೊ ಮಾಡುವಾಗ ಪರಿಚಯವಾದವನು, ಪರಿಚಯ ಎಷ್ಟೋ ವರ್ಷಗಳ ನಂಟಾಯಿತು. ನಾನೊಬ್ಬನೇ ಅಲ್ಲ, ಅವನಿಗೆ ಬೇರೆ ಗೆಳೆಯರೂ ಇದ್ದರು. ಅದನ್ನು ಅವನು ಮುಚ್ಚಿಟ್ಟಿರಲಿಲ್ಲ. ಗುಳಿಗೆಯ ಡಬ್ಬಿ ನೋಡಿ, "ನನಗೂ ಇದರಾಗ ಅರ್ಧ ಕೊಡು," ಎಂದ.

"ಹಂಗ ಹಂಚ್ಕೊಂಡು ತಿನ್ನೂದಲ್ಲೋ. ಮೊದಲ ರಕ್ತ ತೋರಸು. ರೋಗ ಮೊದಲ ಇದ್ರ ಈ ಗುಳಿಗಿ ಒಂದ ಸಾಲೂದಿಲ್ಲ, ಮುಂದ ಔಷಧ ನಾಟದಂಗ ಆಗತೈತಿ."

ಮುದ್ದೇಬಿಹಾಳದಲ್ಲಿ ಎಲ್ಲರೂ ಗುರುತಿನವರು. ಹಾಗಾಗಿ ಬಸವನ ಬಾಗೇವಾಡಿಯ ದವಾಖಾನೆಗೆ ಇಬ್ಬರೂ ಹೋದೆವು. ರಕ್ತಪರೀಕ್ಷೆಯ ಕೋಣೆ ಇನ್ನೂ ನಾಲ್ಕು ಹೆಜ್ಜೆ ಇರುವಾಗ ಬೆಂಚಿನ ಮೇಲಿಂದ ದನಿ ಬಂತು: "ಏನ್ರಿ ಅಳಿಯಂದ್ರ, ಇತ್ತಾಗ?"

ಅವನ ಹೆಂಡತಿಯ ಸೋದರಮಾವ. ಬಿಪಿ ಗುಳಿಗೆಗೆಂದು ಬಂದಿದ್ದರು. ಗೆಳೆಯ ತಟ್ಟನೆ ನನ್ನನ್ನು ಮುಂದೆ ಮಾಡಿದ. "ಇವ್ರು ಫೋಟೊದವ್ರು, ನಮ್ಮ ದೋಸ್ತರು. ಹೊಟ್ಟಿ ಆರಾಮಿಲ್ಲ, ಕರಕೊಂಡು ಬಂದೇನ್ರಿ," ಎಂದುಬಿಟ್ಟ.

ಆ ಮಾವ ಬಹಳ ಒಳ್ಳೆಯ ಮನುಷ್ಯ. ನನ್ನನ್ನು ಒಬ್ಬನನ್ನೇ ಬಿಡಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಚಹಾ ಕುಡಿಸಿದರು, ಖಾರ ಬಿಡಬೇಕು, ಮಜ್ಜಿಗೆ ಕುಡಿಯಬೇಕು ಎಂದರು, ಡಾಕ್ಟರ ಕೋಣೆಯೊಳಗೂ ಜೊತೆಗೇ ಬಂದು ನನ್ನ ಹೊಟ್ಟೆಯ ಬಗ್ಗೆ ತಾವೇ ವಿವರಿಸಿದರು. ನಾನು ಇಲ್ಲದ ನೋವಿಗೆ ಹೊಟ್ಟೆ ಒತ್ತಿಸಿಕೊಂಡು ಮಲಗಿದೆ. ರಕ್ತ ಕೊಡದೆಯೇ ತಿರುಗಿ ಬಂದೆವು. ಬಸ್‌ಸ್ಟ್ಯಾಂಡಿನಲ್ಲಿ ಗೆಳೆಯ ನಕ್ಕ, ನನಗೆ ನಗು ಬರಲಿಲ್ಲ.

ಸೊಲ್ಲಾಪುರಕ್ಕೆ ಬಾ ಎಂದರೆ ಅವನಿಗೆ ಪುರುಸೊತ್ತಿಲ್ಲ. ಕಾಲುವೆಗೆ ನೀರು ಬಿಡುವ ಸಮಯ, ಮಗಳ ಜ್ವರ, ಸಾಹೇಬರ ತಪಾಸಣೆ. ಹೇಳಿ ಹೇಳಿ ನನ್ನ ಬಾಯಿ ಸೋತಿತು. ಒಂದು ಬೇಸಿಗೆಯಲ್ಲಿ ತಾನಾಗಿಯೇ ಬಂದ. ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಅವನು ಗುಳಿಗೆ ಶುರುಮಾಡಿದ. ಡಬ್ಬಿಯನ್ನು ಕಪಾಟಿನಲ್ಲಿ ಚಳಿಗಾಲದ ಬಟ್ಟೆಗಳ ಕೆಳಗೆ ಇಟ್ಟಿದ್ದನಂತೆ.

ಒಂದು ಮಧ್ಯಾಹ್ನ ಸ್ಟುಡಿಯೊದಲ್ಲಿದ್ದಾಗ ಅವನ ಹೆಂಡತಿಯ ಫೋನು ಬಂತು. ಡಬ್ಬಿ ಸಿಕ್ಕಿತ್ತು. ಅದರ ಹೆಸರನ್ನು ಮೊಬೈಲಿನಲ್ಲಿ ಹುಡುಕಿದ್ದಳು, ಎಚ್‌ಐವಿಯ ಔಷಧವೆಂದು ಬಂದಿತ್ತು.

"ಅಣ್ಣಾರ, ನಮ್ಮ ಮನಿಯವ್ರಿಗೆ ಏನಾಗೇತ್ರಿ? ನಿಮಗ ಗೊತ್ತಿರತೈತಿ. ಖರೇ ಹೇಳ್ರಿ."

"ರೋಗ ಇಲ್ಲವ್ವ ಅವನಿಗೆ. ಅದು ಖರೇನ."

"ರೋಗ ಇಲ್ಲಂದ್ರ ಗುಳಿಗಿ ಯಾಕ್ರಿ?"

ರೋಗ ಬರಬಾರದೆಂದು, ನಿನಗೂ ಬರಬಾರದೆಂದು, ಎನ್ನಬಹುದಿತ್ತು. ಹಾಗೆಂದರೆ ಮುಂದಿನ ಪ್ರಶ್ನೆ ಏನೆಂದು ಗೊತ್ತಿತ್ತು. ಅವಳ ಮನೆಯಲ್ಲಿ ಎಷ್ಟು ಸಲ ಉಂಡಿದ್ದೆ, ಅವಳ ಮಗಳ ಪ್ರತಿ ಹುಟ್ಟುಹಬ್ಬದ ಫೋಟೊ ತೆಗೆದವನು ನಾನೇ. "ಅದನ್ನ ಅವನ ಹೇಳಬೇಕವ್ವ. ನಾ ಹೇಳೂದು ಸರಿ ಅಲ್ಲ," ಎಂದೆ. ಅವಳು ಫೋನು ಇಡುವವರೆಗೂ ಅಡುಗೆಮನೆಯಲ್ಲಿ ಕುಕ್ಕರ್ ಕೂಗುವುದು ಕೇಳಿಸುತ್ತಿತ್ತು.

ಗೆಳೆಯನಿಗೆ ತಕ್ಷಣ ಫೋನು ಮಾಡಿದೆ. "ಇವತ್ತ ಸುಳ್ಳು ಹೇಳಬ್ಯಾಡ," ಎಂದೆ, "ಆಕಿಗೂ ತಪಾಸಣಿ ಆಗ್ಬೇಕು." ಅವನು ಹ್ಞೂಂ ಎಂದ.

ಅವನು ಹೇಳಿದ. ಎಷ್ಟು ಹೇಳಿದ, ಹೇಗೆ ಹೇಳಿದ, ನನಗೆ ಗೊತ್ತಿಲ್ಲ. ಅವಳು ಮಗಳನ್ನು ಕರೆದುಕೊಂಡು ತಾಂಬಾದ ತವರಿಗೆ ಹೋದಳು. ಅಲ್ಲಿದ್ದಾಗಲೇ ರಕ್ತ ತೋರಿಸಿಕೊಂಡಳಂತೆ, ಏನೂ ಇರಲಿಲ್ಲ. ಸಾಲಿ ಶುರುವಾಗುವ ಹೊತ್ತಿಗೆ ತಿರುಗಿ ಬಂದಳು. ಬಂದದ್ದು ಮಗಳ ಸಾಲಿಗೋ, ಅವನಿಗೋ ಎಂದು ಕೇಳುವ ಧೈರ್ಯ ಅವನಿಗಿಲ್ಲ. ಈಗ ಅವನು ಗುಳಿಗೆಯನ್ನು ಅಡುಗೆಮನೆಯಲ್ಲೇ ನಿಂತು ನುಂಗುತ್ತಾನೆ. ಅವಳು ನೋಡಿಯೂ ನೋಡದಂತೆ ರೊಟ್ಟಿ ಬಡಿಯುತ್ತಾಳೆ. ನನ್ನನ್ನು ಅವರ ಮನೆಗೆ ಯಾರೂ ಬಾ ಎನ್ನುವುದಿಲ್ಲ, ಬರಬೇಡ ಎಂದೂ ಅಂದಿಲ್ಲ. ನಾನೇ ಹೋಗಿಲ್ಲ. ಅವನೂ ನಾನೂ ಸಿಗುವುದು ಈಗ ಸೊಲ್ಲಾಪುರದಲ್ಲಿ ಮಾತ್ರ, ಪರೀಕ್ಷೆಯ ದಿನ. ರಕ್ತ ಕೊಟ್ಟು, ಹೋಟೆಲಿನಲ್ಲಿ ಎದುರುಬದುರು ಕೂತು ಊಟ ಮಾಡುತ್ತೇವೆ. ಮೊದಲಿನಷ್ಟು ಮಾತಿಲ್ಲ.

ನಿನ್ನೆ ಅಲ್ಲಿನ ಔಷಧದಂಗಡಿಯಿಂದ ಫೋನು ಬಂತು. ಮಾಲು ಬಂದಿಲ್ಲ, ಮುಂದಿನ ವಾರ ವಿಚಾರಿಸಿ ಎಂದರು. ಡಬ್ಬಿ ಅಲ್ಲಾಡಿಸಿ ನೋಡಿದೆ, ಇನ್ನು ಕೆಲವೇ ದಿನದ್ದಿತ್ತು. ಮರುದಿನ ಚಡಚಣದಲ್ಲಿ ಒಂದು ಮದುವೆ ಇತ್ತು. ಅಲ್ಲಿಂದ ಸೊಲ್ಲಾಪುರ ಹತ್ತಿರ, ಬೇರೆ ಅಂಗಡಿ ನೋಡಿಬರೋಣ ಎಂದುಕೊಂಡು ಬ್ಯಾಟರಿ ಚಾರ್ಜಿಗೆ ಹಾಕಿ ಮಲಗಿದೆ.