ನಾನು ಬಿಚ್ಚಿದ ಗಂಟು

ನನ್ನ ಎಡಗಾಲು ಇನ್ನೂ ನನ್ನದಾಗಿ ಉಳಿದಿರುವುದು ಭೀಮಾ ದಂಡೆಯ ಒಬ್ಬ ಹೆಂಗಸಿನಿಂದ. ಸುರಪುರದ ನನ್ನ ಬಿಡಿಭಾಗದ ಅಂಗಡಿಗೆ ಬಂದವರಿಗೆಲ್ಲ ಇದನ್ನು ಹೇಳುತ್ತೇನೆ. ಆದರೆ ಅವಳು ಅದೇ ದಿನ ಉಳಿಸಿಕೊಟ್ಟ ಇನ್ನೊಂದನ್ನು ಬರೆಯಲು ಇಷ್ಟು ದಿನ ನಾಚಿಕೆಯಾಗಿತ್ತು.

ಶಹಾಪುರದ ಹೊರಗೆ ಒಂದು ಬೋಳು ಗುಡ್ಡವಿದೆ. ಬುಡದಲ್ಲಿ ಗರಸು ಮಣ್ಣು, ನಡುವೆ ಉರುಟು ಕಲ್ಲು, ತುದಿಯಲ್ಲಿ ಗೋಡೆಯಂಥ ಬಂಡೆ. ಜೋಳದ ರಾಶಿ ಮುಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ, ಸುರಪುರ, ಯಾದಗಿರಿ, ಮುದನಾಳ, ಕೊಂಕಲ್ ಕಡೆಯ ಹತ್ತಿಪ್ಪತ್ತು ಮಂದಿ ಮೋಟಾರ್‌ಸೈಕಲ್ ತಂದು ಒಬ್ಬೊಬ್ಬರಾಗಿ ಅದನ್ನು ಹತ್ತುತ್ತಿದ್ದೆವು. ಗಡಿಯಾರ ನೋಡುವವರಿಲ್ಲ. ಗಾಡಿ ಎಲ್ಲಿ ನಿಂತಿತೋ, ಎಲ್ಲಿ ಬಿದ್ದಿತೋ ಅಲ್ಲೊಂದು ಸುಣ್ಣದ ಗೆರೆ ಎಳೆಯುತ್ತಾರೆ, ಅಷ್ಟೇ. ಮುಂದಿನ ಗಾಲಿ ಎದ್ದು ಮೈಮೇಲೆ ಬರಬಾರದೆಂದು ಹಿಂದಿನ ಗಾಲಿಯನ್ನು ಗೇಣುದ್ದ ಹಿಂದಕ್ಕೆ ಸರಿಸಿ ವೆಲ್ಡಿಂಗ್ ಮಾಡಿಸಿರುತ್ತಿದ್ದೆವು, ಟೈರಿಗೆ ಸರಪಳಿ ಸುತ್ತಿರುತ್ತಿದ್ದೆವು. ನಮ್ಮ ಹೆಂಡಂದಿರು ಇದಕ್ಕೆ ಹುಚ್ಚು ಎನ್ನುತ್ತಿದ್ದರು. ಸುಳ್ಳೇನಲ್ಲ.

ಬೀಳುವ ಗಾಡಿಯನ್ನು ತಡೆಯುವವರು ಹಗ್ಗದವರು. ಅವರೆಲ್ಲ ಭೀಮಾ ದಂಡೆಯ ಮೀನುಗಾರರ ಮನೆಯವರು. ಬಲೆ ಹೆಣೆದ ಕೈಗಳಿಗೆ ಹಗ್ಗ ಹೊಸದಲ್ಲ. ಬಂಡೆಯ ಎರಡೂ ಬದಿಗೆ ಒಬ್ಬೊಬ್ಬರು ನಿಂತು, ಗಾಡಿ ಜಾರಿದ ಕೂಡಲೇ ಹಗ್ಗವನ್ನು ಅಡ್ಡ ಬಿಗಿಯುತ್ತಾರೆ. ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಅಪಾಯದ ಹಗ್ಗವನ್ನು ಹಿಡಿಯುತ್ತಿದ್ದವಳು ನಮ್ಮೆಲ್ಲರಿಗೂ ಹಿರಿಯಳಾದ ಒಬ್ಬ ಹೆಂಗಸು. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದೆವು. ಹಗ್ಗದ ಇನ್ನೊಂದು ತುದಿ ಅವಳ ತಮ್ಮನ ಕೈಯಲ್ಲಿರುತ್ತಿತ್ತು.

ಹತ್ತುವ ಮೊದಲು ಪ್ರತಿಯೊಬ್ಬನೂ ಅಕ್ಕನ ಮುಂದೆ ಎಡಗೈ ಚಾಚಬೇಕು. ಅವಳು ಮಣಿಕಟ್ಟಿಗೆ ಒಂದು ದಾರ ಕಟ್ಟುತ್ತಾಳೆ. ದಾರದ ಇನ್ನೊಂದು ತುದಿ ಹ್ಯಾಂಡಲ್ ಹತ್ತಿರದ ಪಿನ್ನಿಗೆ. ಸವಾರ ಬಿದ್ದರೆ ದಾರ ಜಗ್ಗಿ ಪಿನ್ನು ಕಿತ್ತು ಎಂಜಿನ್ ಬಂದ್ ಆಗುತ್ತದೆ. ಆ ಗಂಟನ್ನು ಸವಾರ ಮುಟ್ಟುವಂತಿಲ್ಲ. ಮುಟ್ಟಿದವನಿಗೆ ಗುಡ್ಡ ಕಾಯಂ ಬಂದ್. ಬಿದ್ದಾಗ ಪಿನ್ನು ಬರಲಿಲ್ಲವೆಂದರೆ, ಕಟ್ಟಿದವರು ಹಗ್ಗ ಕೆಳಗಿಟ್ಟು ಹೋಗಬೇಕು. ಎರಡೂ ಹಿರಿಯರು ಮಾಡಿದ ಕಟ್ಟಳೆ, ಎರಡಕ್ಕೂ ಮಾಫಿ ಇಲ್ಲ.

ಒಂದು ವರ್ಷ ನಾನು ತುದಿಗೆ ಎರಡು ಮಾರು ಕೆಳಗೆ, ಸೀಟು ಬಿಟ್ಟೆದ್ದು ಮುಂದೆ ಬಾಗಿದ್ದೇ ತಡ, ದಾರ ಜಗ್ಗಿ ಎಂಜಿನ್ ನಿಂತುಬಿಟ್ಟಿತ್ತು. ಆ ಸಿಟ್ಟನ್ನು ವರ್ಷವಿಡೀ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ನನ್ನ ಮೂಗಿನ ತುದಿಯ ಕೋಪ ನಮ್ಮ ಓಣಿಗೆಲ್ಲ ಗೊತ್ತಿದ್ದದ್ದೇ. ಮರುವರ್ಷ ಅಕ್ಕ ದಾರ ಕಟ್ಟಿ, "ಹುಷಾರ್ ತಮ್ಮಾ, ಬಿದ್ರ ಗಾಡಿ ಬಿಟ್ಟುಬಿಡು, ನಾವು ಹಿಡಿತೀವಿ" ಎಂದು ಮೇಲೆ ಹೋದಳು. ನಾನು ಗಾಡಿಯನ್ನು ಒಂದು ಹುಣಸೆ ಮರದ ಮರೆಗೆ ತಳ್ಳಿಕೊಂಡು ಹೋಗಿ, ಗಂಟು ಬಿಚ್ಚಿ, ದಾರವನ್ನು ಮೊಳದಷ್ಟು ಸಡಿಲ ಬಿಟ್ಟು ಮತ್ತೆ ಕಟ್ಟಿಕೊಂಡೆ. ಹಲ್ಲಿನಿಂದ ಎಳೆದು ಬಿಗಿದೆ.

ಬಂಡೆಯ ನಡುವೆ ಹಿಂದಿನ ಗಾಲಿ ಜಾರಿತು. ನಾನು ಕೆಳಗೆ, ಗಾಡಿ ಮೇಲೆ. ಅಕ್ಕ, ಅವಳ ತಮ್ಮ ಹಗ್ಗ ಬಿಗಿದು ಗಾಡಿಯನ್ನೇನೋ ನಿಲ್ಲಿಸಿದರು, ಆದರೆ ಸಡಿಲ ದಾರ ಪಿನ್ನನ್ನು ಕೀಳಲಿಲ್ಲ. ಎಂಜಿನ್ ಒದರುತ್ತಲೇ ಇತ್ತು, ಸರಪಳಿ ಸುತ್ತಿದ ಗಾಲಿ ನನ್ನ ಪ್ಯಾಂಟನ್ನು ಒಳಗೆಳೆದುಕೊಳ್ಳುತ್ತಿತ್ತು. ಮೀನಖಂಡಕ್ಕೆ ಕಬ್ಬಿಣ ತಾಗಿದ್ದು ಇಂದಿಗೂ ನೆನಪಿದೆ. ಅಕ್ಕ ತನ್ನ ತುದಿಯನ್ನು ಒಂದು ಕಲ್ಲಿಗೆ ಸುತ್ತಿ, ಕುಂಡೆಯ ಮೇಲೆ ಜಾರುತ್ತ ಬಂದು, ಗಾಡಿಯ ಮೇಲೆ ಒರಗಿ ಕೈಯಿಂದಲೇ ಪಿನ್ನು ಕಿತ್ತಳು. ಕಾದ ಸೈಲೆನ್ಸರ್ ಅವಳ ಮುಂಗೈ ಸುಟ್ಟಿತು. ಆಮೇಲೆ ನನ್ನ ಮಣಿಕಟ್ಟು ಹಿಡಿದು ದಾರ ಬಿಡಿಸಿ, ಅದನ್ನು ಒಂದು ಕ್ಷಣ ನೋಡಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಕೆಳಗಿಳಿದ ಮೇಲೆ ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಸವಾರ, ನಿವೃತ್ತ ಬಸ್ ಡ್ರೈವರ್, ತಲೆ ತಗ್ಗಿಸಿ ಹೇಳಿದರು: "ಯಕ್ಕಾ, ಹ್ಯಾಂಗ ಹೇಳಬೇಕೊ ತಿಳೀವಲ್ದು. ಪಿನ್ನು ಬರಲಿಲ್ಲ. ಗಂಟು ನಿಂದು."

ಅಕ್ಕ ಹಗ್ಗವನ್ನು ಸುರುಳಿ ಸುತ್ತಿ ಅವರ ಕಾಲ ಬಳಿ ಇಟ್ಟಳು. ಅವಳ ತಮ್ಮ ಏನೋ ಅನ್ನಲು ಹೋದ, ಕಣ್ಣಲ್ಲೇ ಗದರಿದಳು. ಇಬ್ಬರೂ ರಸ್ತೆಯಲ್ಲಿ ನಿಂತಿದ್ದ ಟಂಟಂ ಆಟೋ ಕಡೆಗೆ ನಡೆದರು.

ಯಾರೋ ನನ್ನ ಕಾಲಿಗೆ ಅರಿಶಿನ ಮೆತ್ತಿ, ಕೈಗೆ ಮಂಡಕ್ಕಿ ಸುಸಲಾ, ಮಿರ್ಚಿಯ ತಟ್ಟೆ ಕೊಟ್ಟರು. "ನಿನ್ನ ನಸೀಬ ಛಲೋ ಅದ" ಎಂದರು. ಬಾಯಿ ಬಿಟ್ಟರೆ ಜೀವದಂತಿದ್ದ ಗುಡ್ಡ ಹೋಗುತ್ತದೆ. ಬಿಡದಿದ್ದರೆ ನನ್ನ ಕಾಲು ಉಳಿಸಿದವಳ ಹೆಸರು ಕೆಡುತ್ತದೆ. ಇಷ್ಟು ಸರಳವಾದ ಲೆಕ್ಕಕ್ಕೆ ನಾನು ಎಷ್ಟು ಹೊತ್ತು ತೆಗೆದುಕೊಂಡೆ ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ. ಉಳಿದ ಹಗ್ಗದವರು ಏನೂ ತಿನ್ನದೆ ದೂರ ಕೂತಿದ್ದರು. ಕಡೆಗೆ ತಟ್ಟೆ ಕೆಳಗಿಟ್ಟು ಎದ್ದು ನಿಂತೆ.

"ಗಂಟು ಅಕ್ಕಂದಲ್ಲ, ನಂದು! ನಾನೇ ಬಿಚ್ಚಿ ಕಟ್ಟಿಕೊಂಡೇನಿ!"

ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಆ ಹಿರಿಯ ಸವಾರರು, "ಹಂಗಾದ್ರ ಗುಡ್ಡ ನಿನಗ ಬಂದ್ ಆತಪ್ಪ" ಎಂದು, ಹಗ್ಗದ ಸುರುಳಿ ಎತ್ತಿ ನನ್ನ ಕೈಗೇ ಕೊಟ್ಟರು. "ಹೋಗು, ಕೊಟ್ಟು ಬಾ."

ಕುಂಟುತ್ತ ಓಡಿದೆ. ಟಂಟಂ ಇನ್ನೂ ಅಲ್ಲೇ ಇತ್ತು. ಅಕ್ಕ ಸುಟ್ಟ ಕೈಗೆ ಒದ್ದೆ ಟವೆಲ್ ಸುತ್ತಿಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದಳು. ಹಗ್ಗ ಅವಳ ತೊಡೆಯ ಮೇಲಿಟ್ಟೆ.

"ತಪ್ಪಾತು ಯಕ್ಕಾ. ಎಲ್ಲಾರ ಮುಂದ ಹೇಳೇನಿ."

"ಗಂಟು ನಂದಲ್ಲಂತ ಮುಟ್ಟಿದ ಕೂಡ್ಲೆ ಗೊತ್ತಾಗಿತ್ತು" ಎಂದಳು.

"ಮತ್ತ ಯಾಕ ಸುಮ್ಮನಿದ್ದಿ?"

ಅವಳು ಸರಿದು ಕೂತು, "ಹತ್ತು, ಆ ಕಾಲು ದವಾಖಾನಿಗೆ ತೋರಸೂಣು" ಎಂದಳು.

ಟಂಟಂ ಡ್ರೈವರ್ ಬೇಸತ್ತು ಹಿಂದೆ ತಿರುಗಿದ. "ಜಲ್ದಿ ಹತ್ರಿ. 'ಅವ ಬರ್ತಾನ, ತಡಿ ತಡಿ' ಅಂತ ಅರ್ಧ ತಾಸಿನಿಂದ ಈ ಯಕ್ಕ ಗಾಡಿ ನಿಂದ್ರಿಸ್ಯಾಳ."